ಹರಿಯಲು ಬಾರದ ಹಾಳೆ

ಅರಭಾವಿ, ತಾ. ಗೋಕಾಕ
೨೦ ಜೂನ್ ೨೦೦೫

ಬಾಬಾಸಾಹೇಬ ಕಾಕಾ ಅವರಿಗೆ ನೇತ್ರಾಳ ಶರಣು.

ಆರೋಗ್ಯ ಸಮೀಕ್ಷೆಯ ಕೈಯಂತ್ರ ನನಗೆ ಬಂದು ಎಂಟು ದಿನವಾಯಿತು. ಉತ್ತರಗಳು ತುಂಬಿದ ಮೊದಲ ಕಾರ್ಡನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಹೆಬ್ಬೆರಳಿನ ಉಗುರಿನಷ್ಟು ಅಗಲದ ತುಣುಕು. ಇದರೊಳಗೆ ನಲವತ್ತು ಹೆಂಗಸರು ಕುಳಿತಿದ್ದಾರೆ ಅಂದರೆ ನಂಬಿಕೆ ಬರುವುದಿಲ್ಲ. ಎಲ್ಲಿಯಾದರೂ ಕಳೆದೀತೆಂದು ಹಳೆಯ ಕುಂಕುಮದ ಭರಣಿಯನ್ನು ತೊಳೆದು ಒಣಗಿಸಿ, ಅದರಲ್ಲಿ ಹಾಕಿ ದಾರ ಸುತ್ತಿದ್ದೇನೆ. ಭರಣಿಯನ್ನು ಮಾತ್ರ ವಾಪಸು ಕಳಿಸಿ, ಅದು ನನ್ನ ತವರಿನದು.

ಇಲ್ಲಿ ಏನೇನಾಯಿತು ಎಂಬುದನ್ನು ಕಾರ್ಡು ನಿಮಗೆ ಹೇಳಲಾರದು, ಅದಕ್ಕೆ ನಾನು ಹೇಳುತ್ತೇನೆ. ಮೊದಲ ದಿನ ಧುಪದಾಳದ ಆಚೆಗೆ ಒಂದು ಊರಿಗೆ ಹೋದೆ. ಯಂತ್ರವನ್ನು ಚೀಲದಿಂದ ತೆಗೆದದ್ದೇ ತಡ, ಓಣಿಯ ಹೆಂಗಸರೆಲ್ಲ ಕೂಡಿದರು. ಒಬ್ಬಳು ಅದನ್ನು ಟಿವಿಯ ರಿಮೋಟ್ ಅಂದಳು. ಇನ್ನೊಬ್ಬಳು ನಾನು ಕರೆಂಟ್ ಬಿಲ್ಲಿನವಳೆಂದು ತಿಳಿದು ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಹಣಮವ್ವ ಎಂಬ ಹಿರಿಯಳು ಹತ್ತಿರ ಬಂದು, "ಇಷ್ಟ ಸಣ್ಣದ್ರಾಗ ಎಷ್ಟ ಮಂದಿ ಹಿಡೀತಾರವಾ?" ಎಂದು ಕೇಳಿದಳು. ಸಾವಿರ ಮಂದಿ ಎಂದೆ. "ನಮ್ಮೂರ ಬಸ್ಸಿಗಿಂತ ಚಲೋ ಬಿಡು" ಎಂದು ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟಳು.

ಗೋಕಾಕದ ತರಬೇತಿಯಲ್ಲಿ ನೀವು ಹೇಳಿದ ಎರಡು ಮಾತು ನೆನಪಿವೆ. ಒಂದು, ಪ್ರಶ್ನೆ ಕೇಳುವ ಮೊದಲು ಅದನ್ನು ಅವಳ ಅಂಗೈಯಲ್ಲಿ ಎರಡು ನಿಮಿಷ ಇಡಬೇಕು. ಮೂವತ್ತು ವರ್ಷ ನೀವು ಕಾಗದದ ಫಾರ್ಮನ್ನು ಹಾಗೆಯೇ ಕೈಗೆ ಕೊಟ್ಟು ಅಂಜಿಕೆ ಬಿಡಿಸಿದ್ದಿರಿ. ಎರಡು, ಎಲ್ಲ ಹೇಳಿದ ಮೇಲೂ ಒಬ್ಬಳು ಬೇಡವೆಂದರೆ, ಫಾರ್ಮನ್ನು ಅವಳ ಕಣ್ಣೆದುರಿಗೇ ಹರಿದು ಎರಡೂ ತುಂಡನ್ನು ಅವಳ ಕೈಯಲ್ಲಿಡಬೇಕು. ಮೊದಲನೆಯದನ್ನು ದಿನಾ ಮಾಡುತ್ತಿದ್ದೇನೆ. ಎರಡನೆಯದರ ಪ್ರಸಂಗ ಇನ್ನೂ ಬಂದಿಲ್ಲ.

ಎಲ್ಲ ಇರುವುದು ನಲವತ್ತೆರಡನೆಯ ಪ್ರಶ್ನೆಯಲ್ಲಿ: "ಮನೆಯವರಿಂದಲೂ ಮುಚ್ಚಿಟ್ಟ ಕಾಯಿಲೆ ನಿಮಗೆ ಇದೆಯೇ? ಇದ್ದರೆ ಯಾವುದು?" ಹೋದ ವರ್ಷ ಕಾಗದದ ಮೇಲೆ ಇದನ್ನು ಕೇಳಿದಾಗ ಹೆಂಗಸರು ನನ್ನ ಪೆನ್ನಿನ ತುದಿಯನ್ನೇ ನೋಡುತ್ತ ಇಲ್ಲ ಅಂದರು. ಆದರೆ ಬೇನೆ ಇರುವವರ ಲೆಕ್ಕ ತೋರಿಸಿದರೆ ಮಾತ್ರ ಮೂಡಲಗಿಯಲ್ಲಿ ಹೆಂಗಸರ ತಪಾಸಣೆಗೆ ಒಂದು ಕೋಣೆ ಆದೀತು ಎಂದು ನೀವೇ ಹೇಳಿದ್ದಿರಿ. ಈಗ ಅದಕ್ಕೆ ಬೆಳಗಾವಿಗೆ ಹೋಗಬೇಕು. ಅಲ್ಲಿ ಸಾಲಿನಲ್ಲಿ ನಿಂತವಳನ್ನು ನಮ್ಮ ಕಡೆಯವರು ಯಾರಾದರೊಬ್ಬರು ನೋಡಿಯೇ ನೋಡುತ್ತಾರೆ. ಈ ಸಲ ಆ ಲೆಕ್ಕವನ್ನು ತರದೆ ಬಿಡುವವಳಲ್ಲ ನಾನು.

ನಿಮ್ಮ
ನೇತ್ರಾ

*

ಮೈಸೂರು
೪ ಜುಲೈ ೨೦೦೫

ತಂಗಿ ನೇತ್ರಾ, ಜೈಜಿನೇಂದ್ರ.

ಭರಣಿ ತಲುಪಿತು. ಖಾಲಿ ಪಾತ್ರೆ ವಾಪಸು ಕೊಡುವುದು ನಮ್ಮ ಹುಕ್ಕೇರಿ ಕಡೆ ಇಲ್ಲವೆಂದು ತಾರಾಬಾಯಿ ಅದರ ತುಂಬ ಕಲ್ಲುಸಕ್ಕರೆ ಹಾಕಿದ್ದಾಳೆ. ಮೈಸೂರಿಗೆ ಬಂದು ಇಪ್ಪತ್ತಾರು ವರ್ಷವಾದರೂ ನನ್ನ ಹೆಂಡತಿಗೆ ಹುಕ್ಕೇರಿ ಬಿಟ್ಟಿಲ್ಲ.

ನಿನಗೆ ಗೊತ್ತಿರುವಂತೆ ನಾನು ಕಾಗದದ ಮನುಷ್ಯ. ಈ ಕೈಯಂತ್ರಗಳನ್ನು ತರುವ ಮಾತು ಬಂದಾಗ ಆಫೀಸಿನಲ್ಲಿ ಎದ್ದು ನಿಂತು ಬೇಡವೆಂದವನು ನಾನೊಬ್ಬನೇ. ಅದಕ್ಕೇ ನಿರ್ದೇಶಕರು ಗೋಕಾಕ, ಮೂಡಲಗಿ ಕಡೆ ಯಂತ್ರ ಕೊಟ್ಟು, ಹುಕ್ಕೇರಿ ಕಡೆ ಕಾಗದವನ್ನೇ ಇಟ್ಟು, ಎರಡನ್ನೂ ತೂಗಿ ವರದಿ ಬರೆಯುವ ಕೆಲಸವನ್ನು ನನ್ನ ಕೊರಳಿಗೆ ಹಾಕಿದರು. ಡಿಸೆಂಬರಿನಲ್ಲಿ ವರದಿ. ಅದೇ ತಿಂಗಳು ನನ್ನ ನಿವೃತ್ತಿ.

ನಿನ್ನ ಎರಡು ಕಾರ್ಡುಗಳನ್ನು ನೋಡಿದೆ. ಹುಕ್ಕೇರಿಯ ಎಂಬತ್ತು ಫಾರ್ಮುಗಳಲ್ಲಿ ನಲವತ್ತೆರಡನೆಯ ಪ್ರಶ್ನೆಗೆ ಹೌದು ಎಂದವಳು ಒಬ್ಬಳು. ನಿನ್ನ ಎಂಬತ್ತರಲ್ಲಿ ಹದಿನಾಲ್ಕು ಮಂದಿ. ಯಂತ್ರ ಕೆಟ್ಟಿರಬೇಕೆಂದು ಕೈಯಿಂದ ಮತ್ತೊಮ್ಮೆ ಎಣಿಸಿದೆ. ಹದಿನಾಲ್ಕೇ ಬಂತು.

ಮೂವತ್ತು ವರ್ಷ ನಾನು ಹಿಡಿದ ಕಾಗದವೇ ಹೆಂಗಸರ ಬಾಯಿಗೆ ಅಡ್ಡವಾಗಿತ್ತೇ ಎಂದು ಯೋಚಿಸುತ್ತ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಈಗ ಸಮಾಧಾನವಾಗಿದೆ. ಸೋತದ್ದನ್ನು ಬರೆದು ಸಹಿ ಹಾಕಲು ನನಗೆ ಸಂಕೋಚವಿಲ್ಲ. ಆದರೆ ವರದಿಯಲ್ಲಿ ಕಾರಣ ಬೇಕು. ಯಂತ್ರದ ಮುಂದೆ ಅವರು ಯಾಕೆ ಮಾತಾಡುತ್ತಾರೆ? ನಿನಗೆ ಕಂಡದ್ದನ್ನು ಬರಿ.

ಬಾಬಾಸಾಹೇಬ

*

ಅರಭಾವಿ
೧೮ ಜುಲೈ ೨೦೦೫

ಕಾಕಾ ಅವರಿಗೆ ಶರಣು.

ಕಲ್ಲುಸಕ್ಕರೆಯನ್ನು ಊರೂರಿಗೆ ಹಂಚಿ ಬಂದೆ. ಕಾಕಿಗೆ ಇಲ್ಲಿಯ ಹೆಂಗಸರ ಆಶೀರ್ವಾದಗಳಿವೆ.

ನೀವು ಕಾರಣ ಕೇಳಿದ್ದೀರಿ. ಕಾಗದದ ಮೇಲೆ ಬರೆದ ಅಕ್ಷರ ಉಳಿಯುತ್ತದೆ, ಗಂಡಸರು ಓದಿಯಾರು ಎಂಬ ಭಯವಿರುತ್ತದೆ. ಯಂತ್ರದಲ್ಲಿ ಒತ್ತಿದ ಕೂಡಲೇ ಆ ಪ್ರಶ್ನೆ ಹೋಗಿ ಮುಂದಿನದು ಬರುತ್ತದೆ, ಹೇಳಿದ ಮಾತು ಕಣ್ಣ ಮುಂದೆ ನಿಲ್ಲುವುದಿಲ್ಲ. ಅಲ್ಲದೆ ನನ್ನ ದೃಷ್ಟಿಯೂ ಅವಳ ಮುಖದ ಮೇಲಿರುವುದಿಲ್ಲ, ಯಂತ್ರದ ಮೇಲಿರುತ್ತದೆ. ಇಷ್ಟು ನನಗೆ ತಿಳಿದದ್ದು. ವರದಿಗೆ ಇಷ್ಟು ಸಾಕೆಂದುಕೊಂಡಿದ್ದೇನೆ.

ಕೆಲಸ ಭರದಿಂದ ನಡೆದಿದೆ. ನಾಗನೂರಿನ ಕಡೆ ಮುಗಿಸಿ ಮೂಡಲಗಿಯ ಆಜೂಬಾಜೂ ಊರುಗಳಿಗೆ ಹೋಗುತ್ತಿದ್ದೇನೆ. ಬಸ್ಸಿನಲ್ಲಿ ಕಾಲೇಜಿನ ಹುಡುಗಿಯರು ಯಂತ್ರದಲ್ಲಿ ಹಾಡು ಬರುತ್ತದೆಯೇ ಎಂದು ಕೇಳುತ್ತಾರೆ. ಬರೀ ಪ್ರಶ್ನೆ ಬರುತ್ತವೆ ಎಂದರೆ ಆಸಕ್ತಿ ಹೋಗುತ್ತದೆ.

ಇನ್ನೊಂದು. ಫಾರ್ಮನ್ನು ಹರಿಯುವಂತೆ ಯಂತ್ರದೊಳಗಿನದನ್ನು ಹರಿಯಲು ಬರುತ್ತದೆಯೇ? ಕಾರ್ಡು ನಿಮ್ಮಲ್ಲಿಗೆ ಬಂದ ಮೇಲೂ? ಸುಮ್ಮನೆ ಕೇಳಿದೆ.

ನೇತ್ರಾ

*

ಮೈಸೂರು
೨೮ ಜುಲೈ ೨೦೦೫

ತಂಗಿ ನೇತ್ರಾ, ಜೈಜಿನೇಂದ್ರ.

ಈಗ ಇನ್ನೂರು ಹೆಂಗಸರಲ್ಲಿ ಮೂವತ್ತೊಂದು. ಹುಕ್ಕೇರಿಯ ಇನ್ನೂರರಲ್ಲಿ ಮೂರು. ನೀನು ಬರೆದ ಕಾರಣವನ್ನು ಬಹುತೇಕ ನಿನ್ನ ಮಾತಿನಲ್ಲೇ ವರದಿಯ ಕರಡಿನಲ್ಲಿ ಸೇರಿಸಿದೆ. ನಿರ್ದೇಶಕರು ಓದಿ ನನ್ನ ಬೆನ್ನು ತಟ್ಟಿದರು. ಹಳೆಯ ಮನುಷ್ಯನೂ ಕಲಿಯುತ್ತಾನೆ ಎಂದರು. ಮೂಡಲಗಿಯ ಕೋಣೆಯ ಮಾತನ್ನೂ ಅವರ ಕಿವಿಗೆ ಹಾಕಿದ್ದೇನೆ. ಮೂವತ್ತೊಂದು ಎಂಬ ಸಂಖ್ಯೆಗೆ ಅವರು ತಲೆಯಾಡಿಸಿದರು.

ನೀನು ಸುಮ್ಮನೆ ಕೇಳಿದ್ದಕ್ಕೆ ಉತ್ತರ: ಬರುವುದಿಲ್ಲ. ಕಾರ್ಡು ಇಲ್ಲಿ ಇಳಿದ ಮೇಲೆ ಯಾರೂ ಒಂದು ಅಕ್ಷರ ಬದಲಿಸುವಂತಿಲ್ಲ, ನಾನೂ ಕೂಡ. ಅದೇ ಇದರ ದೊಡ್ಡ ಗುಣ ಎನ್ನುತ್ತಾರೆ. ಒತ್ತುವಾಗ ಎಲ್ಲಿಯೋ ತಪ್ಪು ಮಾಡಿ ಅಂಜಿರುವಿ ಎಂದು ಕಾಣುತ್ತದೆ. ಇನ್ನೂರರಲ್ಲಿ ಒಂದೆರಡು ತಪ್ಪು ಎಲ್ಲರಿಗೂ ಆಗುತ್ತವೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಡಿಸೆಂಬರಿನ ಸಭೆಗೆ ನಿನ್ನನ್ನೂ ಕರೆಸಬೇಕೆಂದಿದ್ದೇನೆ. ಹಣಮವ್ವನ ಬಸ್ಸಿನ ಮಾತನ್ನು ಅಲ್ಲಿ ನೀನೇ ಹೇಳಬೇಕು.

ಬಾಬಾಸಾಹೇಬ

*

ಮೈಸೂರು
೩೦ ಆಗಸ್ಟ್ ೨೦೦೫

ನೇತ್ರಾ,

ಒಂದು ತಿಂಗಳಿನಿಂದ ಭರಣಿ ಬರುತ್ತಿದೆ, ಪತ್ರ ಬರುತ್ತಿಲ್ಲ. ಕಾರ್ಡನ್ನು ಒಂದು ಖಾಲಿ ಹಾಳೆಯಲ್ಲಿ ಸುತ್ತಿ ಕಳಿಸುವಷ್ಟು ಏನಾಗಿದೆ?

ಕಾರ್ಡುಗಳೂ ಮೊದಲಿನಂತಿಲ್ಲ. ಆಗಸ್ಟಿನ ಮೊದಲ ವಾರ ನಲವತ್ತರಲ್ಲಿ ಎರಡು ಹೌದು. ಆಮೇಲೆ ಒಂದು. ಕಳೆದ ಎರಡು ಕಾರ್ಡುಗಳಲ್ಲಿ ಒಂದೂ ಇಲ್ಲ. ಅದೇ ಯಂತ್ರ, ಅದೇ ಪ್ರಶ್ನೆ, ಕೇಳುವವಳೂ ಅವಳೇ. ಗೋಕಾಕ ಆಫೀಸಿನ ಶಿದ್ರಾಮನಿಗೆ ಫೋನ್ ಮಾಡಿದೆ. ನೀನು ದಿನಾ ಕೆಲಸಕ್ಕೆ ಹೋಗುತ್ತಿರುವಿ, ಆರೋಗ್ಯವಾಗಿರುವಿ ಎಂದ. ಹಾಗಾದರೆ ಮನೆಯಲ್ಲಿ ಕುಳಿತು ಒತ್ತುತ್ತಿರುವಿಯೋ ಎಂಬ ಸಂಶಯವೂ ಬಂತು. ಆ ಸಂಶಯಕ್ಕೆ ಕ್ಷಮೆ ಕೇಳುವ ಪ್ರಸಂಗವನ್ನು ನನಗೆ ತಂದುಕೊಡು. ಕೂಡಲೇ ಬರಿ.

ಬಾಬಾಸಾಹೇಬ

*

ಅರಭಾವಿ
೭ ಸೆಪ್ಟೆಂಬರ್ ೨೦೦೫

ಕಾಕಾ ಅವರಿಗೆ ಶರಣು.

ಈ ಪತ್ರ ಭರಣಿಯ ಜೊತೆ ಬಂದಿಲ್ಲ, ಬೇರೆಯೇ ಅಂಚೆಯಲ್ಲಿ ಬಂದಿದೆ. ಯಾಕೆಂದು ಕೊನೆಗೆ ತಿಳಿಯುತ್ತದೆ.

ಮನೆಯಲ್ಲಿ ಕುಳಿತು ಒತ್ತಿಲ್ಲ. ಈಗ ಬರುತ್ತಿರುವ ಸೊನ್ನೆಗಳೇ ನೆಟ್ಟಗಿನವು. ಆ ಮೂವತ್ತೊಂದು ಹೇಗೆ ಬಂದವು ಎಂಬುದನ್ನು ನಿಮ್ಮಿಂದ ಮುಚ್ಚಿಟ್ಟೆ.

ಮಾರ್ಚಿನಲ್ಲಿ ಹೊಳೆಯ ಊರುಗಳಲ್ಲಿ ಸಕ್ಕರೆ ರೋಗದ ಶಿಬಿರ ಆಗಿತ್ತಂತೆ. ಡಾಕ್ಟರು ಇಷ್ಟೇ ದೊಡ್ಡ ಕಪ್ಪು ಡಬ್ಬಿ ತಂದಿದ್ದರು. ಬೆರಳು ಹಿಡಿದು ಸೂಜಿ ಚುಚ್ಚಿ, ಯಾರನ್ನೂ ಏನೂ ಕೇಳದೆ, ನಿನಗೆ ಐತಿ, ನಿನಗೆ ಇಲ್ಲ ಎಂದು ಹೇಳಿದ್ದರು. ಜೂನಿನಲ್ಲಿ ನಾನು ಹೋದೆ. ಕಪ್ಪು ಡಬ್ಬಿ, ಸೂಜಿಯಂಥ ಕಡ್ಡಿ. ನೀವು ಹೇಳಿದಂತೆ ಅದನ್ನು ಅಂಗೈಯಲ್ಲಿಟ್ಟು ಎರಡು ನಿಮಿಷ ಹಿಡಿಸಿದೆ. ಕಾಗದ ಕೈಯಲ್ಲಿದ್ದರೆ ಅದು ಕಾಗದ ಎಂದು ಗೊತ್ತಾಗುತ್ತದೆ. ಯಂತ್ರ ಕೈಯಲ್ಲಿದ್ದರೆ ಅದು ನಾಡಿ ನೋಡುತ್ತಿದೆ ಎಂದು ಅವರು ತಿಳಿದರು. ಹಣಮವ್ವ ಎರಡು ನಿಮಿಷ ಹಿಡಿದುಕೊಂಡು, "ತಿಳೀತೇನವಾ ಅದಕ್ಕ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕು ಸುಮ್ಮನಾದೆ. ಇಲ್ಲ ಅನ್ನಲಿಲ್ಲ.

ಆ ದಿನದಿಂದ ಹೌದುಗಳು ಬರತೊಡಗಿದವು. ಯಂತ್ರಕ್ಕೆ ಹೇಗೂ ಗೊತ್ತಾಗಿದೆ, ಸುಳ್ಳು ಹೇಳಿ ಸಿಕ್ಕಿಬೀಳುವುದೇಕೆ ಎಂದು ಹೆಂಗಸರು ನಿಜ ಹೇಳುತ್ತಿದ್ದರು. ಮೂರನೆಯ ದಿನಕ್ಕೇ ನನಗೆ ಇದು ತಿಳಿದಿತ್ತು, ಕಾಕಾ. ಮೂಡಲಗಿಯ ಕೋಣೆ ಕಣ್ಣ ಮುಂದಿತ್ತು. ತಿಳಿಯದವಳಂತೆ ಅಂಗೈಗೆ ಯಂತ್ರ ಇಡುತ್ತ ಹೋದೆ.

ಜುಲೈ ಹದಿನೇಳರ ಭಾನುವಾರ ಒಬ್ಬಳು ಬಸ್ಸು ಹತ್ತಿ ನನ್ನ ಮನೆ ಹುಡುಕಿಕೊಂಡು ಬಂದಳು. ಅವಳ ಹೆಸರನ್ನಾಗಲಿ ಊರನ್ನಾಗಲಿ ಬರೆಯುವುದಿಲ್ಲ. ಕಾಶೆವ್ವ ಎಂದಿಟ್ಟುಕೊಳ್ಳಿ, ಅದು ನನ್ನ ಅಜ್ಜಿಯ ಹೆಸರು. ಲಾರಿ ನಡೆಸುತ್ತಿದ್ದ ಗಂಡ ತೀರಿಕೊಂಡು ಮೂರು ವರ್ಷ. ಸಾಲಿಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುತ್ತಾಳೆ. ನನ್ನ ಮುಂದೆ ಅವಳು ಹೇಳಿದ ಕಾಯಿಲೆ ಎಚ್‌ಐವಿ. ಗಂಡ ಸತ್ತ ಆಸ್ಪತ್ರೆಯಲ್ಲಿ ಅವಳ ರಕ್ತವನ್ನೂ ನೋಡಿ ಹೇಳಿದ್ದರಂತೆ. ಅತ್ತೆಗೂ ಗೊತ್ತಿಲ್ಲ.

ಚಹಾ ಬೇಡವೆಂದಳು. ಹೊಸ್ತಿಲ ಒಳಗೆ ಕುಳಿತು, "ಅಕ್ಕಾರ, ನಂದು ನನಗ ವಾಪಸ್ ಕೊಡ್ರಿ" ಎಂದಳು.

ಏನು ಎಂದು ಕೇಳಿದೆ.

"ನಾ ಹೇಳಿದ್ದು. ಆಚಿ ಊರ ಹಣಮವ್ವ ತನಗ ಐವತ್ತ ವರ್ಷ ಅಂದ್ಲಂತ. ನಿಮ್ಮ ಡಬ್ಬಿ ಐವತ್ತ ಅಂತನ ತಗೊಂತಂತ. ಆಕಿ ಮೊಮ್ಮಗಗ ಮೂವತ್ತ ಆಗ್ಯಾವ್ರಿ. ಓಣ್ಯಾಗ ಎಲ್ಲಾರೂ ನಗಾಕತ್ತಾರ. ನನಗ ನಗು ಬರಲಿಲ್ಲ. ಹಂಗಾದ್ರ ಆ ಡಬ್ಬಿಗೆ ಏನೂ ತಿಳಿಯೂದಿಲ್ಲ. ಮತ್ತ ನಾ ಯಾಕ ಹೇಳಿದ್ನಿ?"

ಅವಳು ಬೈಯಲಿಲ್ಲ. ತಾನು ಮಾಡಿದ ಅನ್ನವನ್ನು ಇನ್ನೂರು ಮಕ್ಕಳು ಉಣ್ಣುತ್ತಾರೆ, ಈ ಮಾತು ಹೊರಬಿದ್ದ ದಿನ ಒಂದು ಮಗುವೂ ತಾಟು ಹಿಡಿಯುವುದಿಲ್ಲ ಎಂದಳು. ಕಾರ್ಡು ಆ ಶುಕ್ರವಾರವೇ ಗೋಕಾಕಕ್ಕೆ ಹೋಗಿಯಾಗಿತ್ತು. ಹರಿದು ಹಾಕಿಸುತ್ತೇನೆ ಎಂದು ಮಾತು ಕೊಟ್ಟೆ. ಮರುದಿನ ಸುಮ್ಮನೆ ಕೇಳಿದವಳಂತೆ ನಿಮ್ಮನ್ನು ಕೇಳಿದೆ. ಬರುವುದಿಲ್ಲ ಅಂದಿರಿ.

ನಿಮ್ಮ ಆ ಉತ್ತರ ಬಂದ ದಿನದಿಂದ ಪ್ರತಿ ಮನೆಯಲ್ಲೂ ಮೊದಲು ಹೇಳುತ್ತೇನೆ: "ಇದಕ್ಕ ನಿಮ್ಮ ಬಗ್ಗೆ ಏನೂ ಗೊತ್ತಿಲ್ಲ. ನೀವು ಹೇಳಿದಷ್ಟ ಇದಕ್ಕ ತಿಳೀತೈತಿ." ಅವರು ಯಂತ್ರವನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಇಲ್ಲ ಅನ್ನುತ್ತಾರೆ.

ಶಿದ್ರಾಮ ಅವರು ಪ್ರತಿ ಕಾರ್ಡನ್ನು ಗೋಕಾಕದ ಕಂಪ್ಯೂಟರಿನಲ್ಲಿ ತೆರೆದು, ಎಣಿಕೆ ಸರಿಯಿದೆಯೇ ಎಂದು ನೋಡಿ ನಂತರ ನಿಮಗೆ ಕಳಿಸುತ್ತಾರೆ. ಒಳ್ಳೆಯ ಮನುಷ್ಯ. ಆದರೆ ಅವರ ಹೆಂಡತಿ ಕಾಶೆವ್ವನ ಊರಿನ ಮಗಳು. ಅವರ ಮೇಜಿನ ಮೇಲೆ ಹಾದುಹೋಗುವ ಪೊಟ್ಟಣದಲ್ಲಿ ಇದನ್ನು ಬರೆಯುವುದು ಹೇಗೆಂದೇ ಒಂದು ತಿಂಗಳು ಖಾಲಿ ಹಾಳೆ ಕಳಿಸಿದೆ.

ನೀವು ಅವಳದನ್ನು ಹರಿಯಬೇಕು. ಹರಿಯುವವರೆಗೆ ನಾನು ಮುಂದಿನ ಕಾರ್ಡು ಕಳಿಸುವುದಿಲ್ಲ.

ನೇತ್ರಾ

*

ಮೈಸೂರು
೨೦ ಸೆಪ್ಟೆಂಬರ್ ೨೦೦೫

ನೇತ್ರಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಕರಡಿನಲ್ಲಿ ನಿನ್ನ ಸುಳ್ಳು ಕಾರಣದ ಕೆಳಗೆ ನನ್ನ ಸಹಿ ಇದೆ. ಅದು ಹಾಗಿರಲಿ.

ಆಫೀಸಿನ ನಿಯಮ ಆಫೀಸಿನ ನಿಯಮವೇ. ಒಂದನ್ನು ತೆಗೆದರೆ ಹತ್ತನ್ನು ತೆಗೆದಂತೆ ಎಂದು ಯಾರಾದರೂ ಅಂದಾರು. ಇನ್ನೊಂದನ್ನು ಯೋಚಿಸು. ಆ ಹೆಂಗಸರು ತಪ್ಪು ತಿಳುವಳಿಕೆಯಿಂದ ಹೇಳಿರಬಹುದು, ಆದರೆ ಸುಳ್ಳು ಹೇಳಿಲ್ಲ. ಕಾಯಿಲೆ ಇರುವುದು ನಿಜ. ಮೂವತ್ತೊಂದು ನಿಜಗಳನ್ನು ಮುಂದಿಟ್ಟರೆ ಕೋಣೆ ಬರುತ್ತದೆ. ಹಿಂದಕ್ಕೆ ತೆಗೆದರೆ ಅವರಿಗೇ ನಷ್ಟ. ನೀನು ಕೊಟ್ಟ ಮಾತು ಒಬ್ಬಳಿಗೆ, ಕೋಣೆ ನೂರಾರು ಮಂದಿಗೆ.

ಅಲ್ಲದೆ ನಮ್ಮಲ್ಲಿ ಹೆಸರಿಲ್ಲ. ಬರೀ ನಂಬರು. ನಿನ್ನ ಕಾಶೆವ್ವ ಇಲ್ಲಿ ನೂರಾಹದಿನೆಂಟು, ಅದನ್ನು ನೋಡಿ ಯಾರು ಯಾರನ್ನು ಗುರುತಿಸುತ್ತಾರೆ? ಅವಳಿಗೆ ಹಾಗೆಂದು ತಿಳಿಸಿ ಹೇಳು. ಕಾರ್ಡು ಕಳಿಸು.

ಬಾಬಾಸಾಹೇಬ

*

ಅರಭಾವಿ
೨೭ ಸೆಪ್ಟೆಂಬರ್ ೨೦೦೫

ಕಾಕಾ ಅವರಿಗೆ ಶರಣು.

ನಂಬರು ನೂರಾಹದಿನೆಂಟು. ವಯಸ್ಸು ಮೂವತ್ತನಾಲ್ಕು. ವಿಧವೆ. ಉದ್ಯೋಗ: ಶಾಲೆಯ ಅಡುಗೆ. ಆ ಊರಿನಲ್ಲಿ ಶಾಲೆ ಒಂದೇ. ಅಡುಗೆಯವರು ಇಬ್ಬರು, ಇನ್ನೊಬ್ಬಳಿಗೆ ಗಂಡನಿದ್ದಾನೆ. ಇಷ್ಟಾದ ಮೇಲೆ ಹೆಸರು ಯಾಕೆ ಬೇಕು?

ಕಾಗದವಿದ್ದಾಗ ಹರಿದು ಕೈಯಲ್ಲಿಡಿ ಎಂದು ಕಲಿಸಿದವರು ನೀವು. ಇಂಥವಳದು ಹರಿಯಬೇಕು, ಇಂಥವಳದು ಬೇಡ ಎಂದು ಅಂದು ಹೇಳಿರಲಿಲ್ಲ. ಅವರು ನಿಜ ಹೇಳಿದರೋ ಸುಳ್ಳೋ, ನಮಗೆ ಕೊಟ್ಟಿದ್ದಾರೆಯೇ ಎಂಬುದು ನನ್ನ ಪ್ರಶ್ನೆ. ಅವರು ಕೊಡಲಿಲ್ಲ. ನಾನು ತೆಗೆದುಕೊಂಡೆ.

ಈಗ ಬರೀ ಕಾಶೆವ್ವನ ಮಾತಲ್ಲ. ಮೂವತ್ತೊಂದು ಮನೆಗೂ ಹೋಗುತ್ತೇನೆ. ಯಂತ್ರಕ್ಕೆ ಏನೂ ತಿಳಿದಿರಲಿಲ್ಲ, ತಿಳಿದಂತೆ ನಾನು ಸುಮ್ಮನಿದ್ದೆ ಎಂದು ಒಬ್ಬೊಬ್ಬಳಿಗೂ ಹೇಳುತ್ತೇನೆ. ಇಡಲೋ ಹರಿಯಲೋ ಎಂದು ಕೇಳುತ್ತೇನೆ. ನನಗೆ ಆ ಮೂವತ್ತೊಂದು ನಂಬರುಗಳು ಬೇಕು. ಕಳಿಸದಿದ್ದರೆ ನೆನಪಿನ ಮೇಲೆಯೇ ಹೊರಡುತ್ತೇನೆ. ಮನೆಗಳನ್ನು ನಾನು ಮರೆಯುವುದಿಲ್ಲ.

ನೇತ್ರಾ

*

ಮೈಸೂರು
೧೪ ಅಕ್ಟೋಬರ್ ೨೦೦೫

ತಂಗಿ ನೇತ್ರಾ, ಜೈಜಿನೇಂದ್ರ.

ನಿನ್ನ ಪತ್ರ ಬಂದ ದಿನ ನಾನೊಂದು ಕೆಲಸ ಮಾಡಿದೆ. ನೂರಾಹದಿನೆಂಟನ್ನು ತೆರೆದಿಟ್ಟುಕೊಂಡು, ನಾನು ಗೋಕಾಕದ ಒಬ್ಬ ಸಾಮಾನ್ಯ ಮನುಷ್ಯ, ಇವಳ ಮನೆ ಹುಡುಕಬೇಕು ಎಂದುಕೊಂಡು ಕುಳಿತೆ. ಶಾಲೆಗಳ ಪಟ್ಟಿ ನಮ್ಮಲ್ಲೇ ಇದೆ. ಅಡುಗೆಯವರ ಪಟ್ಟಿ ಕೇಳಿದರೆ ಯಾರಾದರೂ ಕೊಡುತ್ತಾರೆ. ಕಾಲು ತಾಸಿನಲ್ಲಿ, ಕುರ್ಚಿಯಿಂದ ಏಳದೆಯೇ, ಅವಳ ಬಾಗಿಲಿಗೆ ಹೋಗಿ ನಿಂತಿದ್ದೆ. ಅಲ್ಲಿಂದ ವಾಪಸು ಬರುವುದು ನನಗೆ ಕಷ್ಟವಾಯಿತು.

ಆಮೇಲೆ ಇನ್ನೊಂದು ನೆನಪಾಯಿತು. ಯಂತ್ರವನ್ನು ಅಂಗೈಯಲ್ಲಿಡು ಎಂದು ಹೇಳಿಕೊಟ್ಟವನು ನಾನು. ಕಾಗದಕ್ಕೆ ಹೊಂದಿದ್ದು ಯಂತ್ರಕ್ಕೂ ಹೊಂದುತ್ತದೆ ಎಂದು ಮುಂದಿನದನ್ನು ಯೋಚಿಸಲೇ ಇಲ್ಲ. ನೀನು ಮೂರು ದಿನದಲ್ಲಿ ಕಂಡದ್ದನ್ನು ನಾನು ಕೇಳಬಹುದಿತ್ತು. ಹದಿನಾಲ್ಕನ್ನು ಕಂಡಾಗ ಎರಡು ದಿನ ಊಟ ಸೇರಲಿಲ್ಲ ಎಂದು ಬರೆದಿದ್ದೆನಲ್ಲ, ಮೂರನೆಯ ದಿನ ಬೆನ್ನು ತಟ್ಟಿಸಿಕೊಳ್ಳುವ ಆಸೆ ಬಂದಿತ್ತು.

ನಿರ್ದೇಶಕರ ಬಳಿ ಹೋಗಿ ಎಲ್ಲ ಹೇಳಿದೆ. ಬಹಳ ಹೊತ್ತು ಬೈಸಿಕೊಂಡೆ. ಕಡೆಗೆ, ವರದಿಯಲ್ಲಿ ಇದನ್ನು ಮುಚ್ಚದೆ ಬರೆಯುವುದಾದರೆ ಅಳಿಸಲು ಒಪ್ಪಿಗೆ ಎಂದರು. ಶಿದ್ರಾಮನ ಕಂಪ್ಯೂಟರಿನಲ್ಲಿದ್ದದ್ದನ್ನು ಇಲ್ಲಿಂದ ಹೋದ ಹುಡುಗಿ ಪ್ರಣಿತಾ ತಾನೇ ಕುಳಿತು ತೆಗೆದು ಬಂದಿದ್ದಾಳೆ. ಇನ್ನು ಮುಂದೆ ಕಾರ್ಡು ಗೋಕಾಕದಲ್ಲಿ ತೆರೆಯುವುದಿಲ್ಲ, ನೇರ ಇಲ್ಲಿಗೆ ಬರುತ್ತದೆ.

ಯಂತ್ರದೊಳಗಿನದನ್ನು ಹರಿದದ್ದು ಹೆಂಗಸಿನ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಮೂವತ್ತೊಂದನ್ನೂ ಕಾಗದದ ಮೇಲೆ ಅಚ್ಚು ಮಾಡಿಸಿದ್ದೇನೆ. ಊರು, ವಯಸ್ಸು, ಉದ್ಯೋಗ ಇದ್ದ ಮೇಲಿನ ಭಾಗವನ್ನು ನಾನೇ ಕತ್ತರಿಯಿಂದ ಕತ್ತರಿಸಿ ಸುಟ್ಟಿದ್ದೇನೆ. ಉಳಿದದ್ದು ನಂಬರು ಮತ್ತು ಉತ್ತರ. ಒಂದೊಂದನ್ನೂ ಲಕೋಟೆಯಲ್ಲಿ ಹಾಕಿ ಅಂಟಿಸಿ, ಮೇಲೆ ನಂಬರು ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಹರಿದವರ ತುಂಡುಗಳನ್ನು ನನಗೆ ಕಳಿಸು, ಅವು ಇಲ್ಲಿ ದಾಖಲೆಗೆ ಬೇಕು. ತುಂಡು ಬಂದ ನಂಬರನ್ನು ಅಳಿಸುತ್ತೇನೆ.

ಬಾಬಾಸಾಹೇಬ

*

ಅರಭಾವಿ
೨೦ ನವೆಂಬರ್ ೨೦೦೫

ಕಾಕಾ ಅವರಿಗೆ ಶರಣು.

ದೀಪಾವಳಿಯ ನಡುವೆ ಮನೆ ಮನೆ ತಿರುಗಿದೆ. ಹೋದಲ್ಲೆಲ್ಲ ಕರಚೀಕಾಯಿ ತಿನ್ನಿಸಿದರು, ಬೈದವರೂ ತಿನ್ನಿಸಿಯೇ ಬೈದರು. ಹಣಮವ್ವ ಲಕೋಟೆಯ ಲೆಕ್ಕದವಳಲ್ಲ, ಆದರೂ ದಾರಿಯಲ್ಲಿ ಹಿಡಿದು, "ನನ್ನ ವಯಸ್ಸ ಹರೀಬ್ಯಾಡ, ಐವತ್ತ ಇರಲಿ" ಎಂದು ತಾಕೀತು ಮಾಡಿದಳು.

ಹದಿನೇಳು ಮಂದಿ ಹರಿದರು. ಕೆಲವರು ಲಕೋಟೆಯನ್ನು ತೆರೆಯದೆಯೇ ಹರಿದರು. ಮೂಡಲಗಿಯ ಬಾಜೂ ಊರಿನ ಒಬ್ಬಳು ತುಂಡುಗಳನ್ನು ನೀರಿನಲ್ಲಿ ನೆನೆಸಿ ಹಿಸುಕಿ ಉಂಡೆ ಮಾಡಿ, ಇನ್ನು ಮೇಲೆ ನಮ್ಮ ಕಟ್ಟೆ ಹತ್ತಬೇಡ ಅಂದಳು. ಹತ್ತುವುದಿಲ್ಲ ಎಂದು ಇಳಿದು ಬಂದೆ. ಇಬ್ಬರು ಕಬ್ಬು ಕಡಿಯಲು ಗಂಡಂದಿರ ಜೊತೆ ಗಡಿಯಾಚೆ ಹೋಗಿದ್ದಾರೆ. ಅವರನ್ನು ಕೇಳಲಾಗಲಿಲ್ಲ, ಆದ್ದರಿಂದ ಅವರದನ್ನೂ ಅಳಿಸಿ. ಹನ್ನೊಂದು ಮಂದಿ ಇರಲಿ ಅಂದರು. ಯಾಕೆಂದು ನಾನು ಕೇಳಲಿಲ್ಲ. ಒಬ್ಬಳು ತಾನಾಗಿ ಹೇಳಿದಳು, ಡಬ್ಬಿಗೆ ಗೊತ್ತಾಗಲಿಲ್ಲ ಅಂದ ಮೇಲೆ ಯಾರಿಗಾದರೂ ಗೊತ್ತಾಗಲಿ ಎಂದು.

ಕಾಶೆವ್ವನ ಬಳಿಗೆ ಕಡೆಯಲ್ಲಿ ಹೋದೆ. ಸಾಲಿಯ ಅಡುಗೆ ಕೋಣೆಯಲ್ಲಿ ಮಕ್ಕಳ ಊಟ ಮುಗಿದಿತ್ತು, ಜೊತೆಯವಳು ಪಾತ್ರೆ ತೊಳೆಯಲು ಹೋಗಿದ್ದಳು. ಲಕೋಟೆ ಕೊಟ್ಟೆ. ಬೆರಳಿಟ್ಟು ಅಕ್ಷರ ಅಕ್ಷರ ಓದಿದಳು. ಮೇಲಿನ ಭಾಗ ಯಾಕೆ ಕತ್ತರಿಸಿದೆ ಎಂದು ಕೇಳಿದಳು. ಅದರಲ್ಲಿ ಊರು, ವಯಸ್ಸು, ಅಡುಗೆಯ ಕೆಲಸ ಇತ್ತು, ಮೈಸೂರಿನ ಕಾಕಾ ಸುಟ್ಟರು ಎಂದೆ. "ಅವರಿಗೆ ತಿಳೀತಲ್ಲ" ಎಂದಳು. ಆಮೇಲೆ ಹಾಳೆಯನ್ನು ಹರಿದಳು. ಎರಡು ತುಂಡನ್ನೂ ಒಲೆಗೆ ಹಾಕಿ, ಅವು ಪೂರ್ತಿ ಬೂದಿಯಾಗುವವರೆಗೆ ಕಡ್ಡಿಯಿಂದ ಕೆದಕುತ್ತ ಕುಳಿತಳು.

ಕೈ ಒರೆಸಿಕೊಂಡು ನನ್ನ ಎದುರಿಗೆ ಬಂದು ಕುಳಿತಳು.

"ಹಾಂ. ಈಗ ಕೇಳ್ರಿ."

ಏನನ್ನು ಎಂದೆ.

"ಎಲ್ಲಾ. ವಯಸ್ಸಿನಿಂದ ಹಿಡದು. ಆವಾಗ ಡಬ್ಬಿ ಕೇಳಿತ್ತು, ನಾ ಅಂಜಿ ಹೇಳಿದ್ನಿ. ಈಗ ನೀವ್ ಕೇಳ್ರಿ. ಮೂಡಲಗ್ಯಾಗ ಆ ಖೋಲಿ ಆಗಬೇಕಂದ್ರ ಮಂದಿ ಬೇಕಂದ್ರಲ್ಲ, ನಾ ಒಬ್ಬಾಕಿ ಅದೇನಿ ಅಂತ ಬರೀರಿ. ಖರೆ, ನನ್ನ ಕೆಲಸ ಹೊಲದ ಕೂಲಿ. ವಯಸ್ಸ ನಲವತ್ತು. ಹಣಮವ್ವ ಅಷ್ಟೊಂದ ಕಮ್ಮಿ ಹೇಳಿದ್ಲು, ನಾ ಆರು ಹೆಚ್ಚ ಹೇಳಿದ್ರ ನಿಮ್ಮ ಡಬ್ಬಿಗೆ ಏನಾಗ್ತೈತಿ?"

ನಲವತ್ತೆರಡನೆಯ ಪ್ರಶ್ನೆ ಬಂದಾಗ ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಒತ್ತಿದಳು.

ಇನ್ನು ತುಂಡುಗಳ ಮಾತು. ಒಂದನ್ನೂ ಕಳಿಸುತ್ತಿಲ್ಲ. ಎರಡೂ ತುಂಡು ಅವಳವು ಎಂದು ಕಲಿಸಿದವರು ನೀವೇ. ಹರಿದವರ ನಂಬರು ಬರೆದು ಇಟ್ಟಿದ್ದೇನೆ, ನನ್ನ ಮಾತಿನ ಮೇಲೆ ಅಳಿಸಿ. ಒಮ್ಮೆ ನಿಮಗೆ ಸುಳ್ಳು ಹೇಳಿದವಳ ಮಾತು ಇದು, ಗೊತ್ತಿದೆ.

ಮತ್ತೊಂದು ಅವಳೇ ಹೇಳಿದ್ದು. ಕೋಣೆ ಆದರೆ ಸಂತೆಯ ದಿನ ತೆರೆಯಬೇಕಂತೆ. ಸಂತೆಯ ದಿನ ಮೂಡಲಗಿಗೆ ಹೋದ ಹೆಂಗಸನ್ನು ಯಾಕೆ ಹೋಗಿದ್ದೆ ಎಂದು ಯಾರೂ ಕೇಳುವುದಿಲ್ಲ.

ಕಾರ್ಡುಗಳೆಲ್ಲ ಭರಣಿಯಲ್ಲಿವೆ.

ನೇತ್ರಾ

*

ಮೈಸೂರು
೧೮ ಡಿಸೆಂಬರ್ ೨೦೦೫

ತಂಗಿ ನೇತ್ರಾ, ಜೈಜಿನೇಂದ್ರ.

ಹತ್ತೊಂಬತ್ತು ನಂಬರುಗಳನ್ನು ನಿನ್ನ ಮಾತಿನ ಮೇಲೆ ಅಳಿಸಿದೆ. ನೂರಾಹದಿನೆಂಟನ್ನೂ ಸೇರಿಸಿದರೆ ಇಪ್ಪತ್ತು. ಪ್ರಣಿತಾ ಉಳಿದವುಗಳಿಗೆ ಹೊಸದಾಗಿ ಸಾಲಾಗಿ ನಂಬರು ಕೊಡಲೇ ಎಂದು ಕೇಳಿದಳು. ಬೇಡ ಎಂದೆ. ನೂರಾಹದಿನೇಳರ ಮುಂದೆ ನೂರಾಹತ್ತೊಂಬತ್ತು ಇರಲಿ. ಓದುವವರು ಅಲ್ಲಿ ಯಾರಿದ್ದರು ಎಂದು ಒಮ್ಮೆ ತಡೆದು ನಿಲ್ಲಲಿ.

ವರದಿ ಕೊಟ್ಟೆ. ಯಂತ್ರ ಗೆದ್ದಿತೆಂದೂ ಬರೆದಿಲ್ಲ, ಕಾಗದ ಗೆದ್ದಿತೆಂದೂ ಇಲ್ಲ. ಮೂವತ್ತೊಂದು ಹೇಗೆ ಬಂತು, ಯಾರ ತಪ್ಪಿನಿಂದ ಬಂತು ಎಂದು ನನ್ನ ಹೆಸರು ಮೊದಲು ಹಾಕಿ ಬರೆದಿದ್ದೇನೆ. ಇನ್ನು ಮುಂದೆ ಯಂತ್ರ ಹಿಡಿದವರು ನಿನ್ನ ವಾಕ್ಯವನ್ನು ಮೊದಲು ಹೇಳಬೇಕು: ಇದಕ್ಕೆ ನಿಮ್ಮ ಬಗ್ಗೆ ಏನೂ ಗೊತ್ತಿಲ್ಲ. ಕೊನೆಯಲ್ಲಿ ಇಡಲೋ ಹರಿಯಲೋ ಎಂಬ ಪ್ರಶ್ನೆ ಬರಬೇಕು. ಹರಿ ಎಂದವಳದು ಅಲ್ಲೇ, ಅವಳ ಕಣ್ಣೆದುರಿಗೇ ಹೋಗಬೇಕು. ಒಬ್ಬ ಸದಸ್ಯರು ಇದರಿಂದ ಸಂಖ್ಯೆ ಬಹಳ ಇಳಿಯುತ್ತದೆ ಎಂದರು. ಇಳಿಯಲಿ, ಉಳಿದದ್ದರ ಮೇಲೆ ಕಾಲೂರಿ ನಿಲ್ಲಬಹುದು ಎಂದೆ.

ಮೂಡಲಗಿಯ ಕೋಣೆ ಇನ್ನೂ ಮಂಜೂರಾಗಿಲ್ಲ. ಉಳಿದ ಹನ್ನೊಂದು, ಆಮೇಲಿನ ಕಾರ್ಡುಗಳ ನಾಲ್ಕು, ಒಟ್ಟು ಹದಿನೈದಕ್ಕೆ ಒಂದು ಕೋಣೆಯೇ ಎಂದು ಕೇಳಿದ್ದಾರೆ. ಮಾರ್ಚಿಗೆ ಮತ್ತೆ ಸಭೆ. ನಾನು ಅಷ್ಟರಲ್ಲಿ ನಿವೃತ್ತನಾಗಿರುತ್ತೇನೆ, ಆದರೆ ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಸಂತೆಯ ದಿನ ಎಂಬುದನ್ನು ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ. ಭರಣಿಯಲ್ಲಿ ಈ ಸಲ ತಾರಾಬಾಯಿ ಏಲಕ್ಕಿ ತುಂಬಿದ್ದಾಳೆ.

ಕಡೆಯ ಕಾರ್ಡಿನಲ್ಲಿ ಒಬ್ಬ ಹೊಸಬಳು ಬಂದಿದ್ದಾಳೆ. ವಯಸ್ಸು ನಲವತ್ತು, ವಿಧವೆ, ಹೊಲದ ಕೂಲಿ. ಉತ್ತರ ಸುಳ್ಳೆಂದು ತಿಳಿದೂ ನಾನು ಮುಂದಕ್ಕೆ ಬಿಟ್ಟ ಫಾರ್ಮು ಮೂವತ್ತು ವರ್ಷದಲ್ಲಿ ಇದೊಂದೇ. ಬಿಡುವ ಮೊದಲು ಅಂದಿನಂತೆಯೇ ಪಟ್ಟಿಗಳನ್ನೆಲ್ಲ ಹರವಿಕೊಂಡು, ಗೋಕಾಕದ ಒಬ್ಬ ಸಾಮಾನ್ಯ ಮನುಷ್ಯನಾಗಿ ಅವಳ ಮನೆ ಹುಡುಕಲು ಹೊರಟೆ. ಆ ಊರಿನಲ್ಲಿ ಕೂಲಿಗೆ ಹೋಗುವ ಹೆಂಗಸರು ಮನೆಮನೆಗೂ ಇದ್ದಾರೆ. ಕಾಲು ತಾಸಾಯಿತು, ಅರ್ಧ ತಾಸಾಯಿತು. ಎರಡು ತಾಸು ಓಣಿ ಓಣಿ ತಿರುಗಿದೆ.

ಅವಳ ಬಾಗಿಲು ಸಿಗಲಿಲ್ಲ.

ಬಾಬಾಸಾಹೇಬ